ಫೋನಿನಲ್ಲಿ ತಪ್ಪಿಸಿಕೊಂಡ ಸರದಿ

ವಿತರಿತ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಸಂದೇಶಗಳು ಹೊರಟ ಸರದಿಯಲ್ಲೇ ತಲುಪುತ್ತವೆ ಎನ್ನುವಂತಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ, ದಾರಿಯ ದಟ್ಟಣೆ, ಕಳೆದುಹೋದ ಪ್ಯಾಕೆಟ್ಟಿನ ಮರುರವಾನೆ ಸೇರಿದರೆ ತಡವಾಗಿ ಹೊರಟದ್ದೇ ಮೊದಲು ಬಂದು ಕೂರುತ್ತದೆ. ಅಣ್ಣ ‘ಮೋಟಾರ್ ಹಾಕು’ ಎಂದು ತೋಟದ ಸ್ಟಾರ್ಟರಿಗೂ ತಮ್ಮನಿಗೂ ಸಂದೇಶ ಬಿಡುತ್ತಾನೆ. ಅದನ್ನು ಓದಿದ ಮೇಲೆ ಪೈಪ್ ಒಡೆದಿರುವುದನ್ನು ಕಂಡ ತಮ್ಮ ‘ನಿಲ್ಲಿಸು’ ಎಂದು ಕಳಿಸುತ್ತಾನೆ. ಸ್ಟಾರ್ಟರಿಗೆ ‘ನಿಲ್ಲಿಸು’ ಮೊದಲು ಸಿಕ್ಕಿ ‘ಹಾಕು’ ಆಮೇಲೆ ಸಿಕ್ಕರೆ ಬೆಳಗಿನ ತನಕ ನೀರು ಹರಿಯುತ್ತದೆ.

ಸಂದೇಶಕ್ಕೆ ಗಡಿಯಾರದ ಹೊತ್ತು ಬರೆದು ಕಳಿಸಿದರಾಯಿತು ಅನ್ನಿಸುತ್ತದೆ. ಆದರೆ ಎರಡು ಕ್ವಾರ್ಟ್ಸ್ ಗಡಿಯಾರಗಳು ಸರಿಸಮನಾಗಿ ನಡೆಯುವುದಿಲ್ಲ. ತಮ್ಮನ ಗಡಿಯಾರ ಒಂದು ನಿಮಿಷ ಹಿಂದಿದ್ದರೆ, ಉತ್ತರ ಪ್ರಶ್ನೆಗಿಂತ ಮುಂಚೆ ಹುಟ್ಟಿದ ಲೆಕ್ಕವಾಗುತ್ತದೆ.

ಗಡಿಯಾರವಿಲ್ಲದೆಯೂ ಹಿಂದುಮುಂದು ತಿಳಿಯಬಹುದೆಂದು ತೋರಿಸಿದವರು ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್, 1978ರ ಜುಲೈನಲ್ಲಿ, ‘ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ’ ಪತ್ರಿಕೆಯ ಎಂಟೇ ಪುಟಗಳ ಪ್ರಬಂಧದಲ್ಲಿ. ಪ್ರತಿ ಯಂತ್ರಕ್ಕೂ ಒಂದು ಎಣಿಕೆ. ಪ್ರತಿ ಘಟನೆಗೂ ಅದು ಒಂದು ಹೆಚ್ಚುತ್ತದೆ. ಸಂದೇಶ ಆ ಸಂಖ್ಯೆಯನ್ನು ಹೊತ್ತೊಯ್ಯುತ್ತದೆ. ಪಡೆದ ಯಂತ್ರದ ಎಣಿಕೆ ಹಿಂದಿದ್ದರೆ ಅದು ಬಂದ ಸಂಖ್ಯೆಯನ್ನು ದಾಟಿ ಮುಂದಕ್ಕೆ ಹಾರುತ್ತದೆ. ಹಾಗಾಗಿ ತಮ್ಮನ ಸಂಖ್ಯೆ ಅಣ್ಣನದಕ್ಕಿಂತ ದೊಡ್ಡದಾಗಲೇಬೇಕು, ತಡವಾಗಿ ಬಂದ ‘ಹಾಕು’ ಹಳತೆಂದು ಸ್ಟಾರ್ಟರಿಗೆ ಗೊತ್ತಾಗಲೇಬೇಕು. ಎರಡು ಸಂಖ್ಯೆ ಸಮವಾದರೆ ಯಂತ್ರದ ಕ್ರಮಸಂಖ್ಯೆ ನೋಡಿ ತೀರ್ಪು.

ಇಷ್ಟು ಅಚ್ಚುಕಟ್ಟಾದ ಉಪಾಯದ ತೂತನ್ನು ಅದೇ ಪ್ರಬಂಧ ತಾನೇ ತೋರಿಸುತ್ತದೆ. ಅದರ ಅತ್ಯಂತ ಸೊಗಸಾದ ಭಾಗವೂ ಅದೇ. ಒಬ್ಬಾತ ತನ್ನ ಕಂಪ್ಯೂಟರಿನಲ್ಲಿ ಒಂದು ಕೋರಿಕೆ ಸಲ್ಲಿಸುತ್ತಾನೆ. ಬಳಿಕ ಬೇರೆ ಊರಿನ ಗೆಳೆಯನಿಗೆ ಫೋನ್ ಮಾಡಿ, ಅಲ್ಲಿನ ಕಂಪ್ಯೂಟರಿನಿಂದ ಇನ್ನೊಂದು ಕೋರಿಕೆ ಸಲ್ಲಿಸಲು ಹೇಳುತ್ತಾನೆ. ಗೆಳೆಯನ ಯಂತ್ರದ ಎಣಿಕೆ ಹಿಂದಿದ್ದರೆ ಎರಡನೆಯ ಕೋರಿಕೆಗೆ ಸಣ್ಣ ಸಂಖ್ಯೆ ಬಿದ್ದು, ಅದೇ ಮೊದಲನೆಯದಾಗಿಬಿಡುತ್ತದೆ. ಫೋನ್ ಕರೆ ವ್ಯವಸ್ಥೆಯ ಹೊರಗೆ ನಡೆದದ್ದು; ಕಂಪ್ಯೂಟರಿನ ಕಿವಿಗೆ ಅದು ಬೀಳಲೇ ಇಲ್ಲ. ಪ್ರಬಂಧ ಕೊಡುವ ಮೊದಲ ಪರಿಹಾರವಂತೂ ತಮಾಷೆಯಾಗಿದೆ: ತನಗೆ ಸಿಕ್ಕ ಸಂಖ್ಯೆಯನ್ನು ಆತ ಗೆಳೆಯನಿಗೂ ತಿಳಿಸಬೇಕು, ಗೆಳೆಯ ಅದಕ್ಕಿಂತ ದೊಡ್ಡದನ್ನೇ ಕೇಳಿ ಪಡೆಯಬೇಕು. ಯಂತ್ರದ ಕೆಲಸ ಮನುಷ್ಯನ ತಲೆಗೆ! ಎರಡನೆಯದು, ನಿಜವಾದ ಗಡಿಯಾರಗಳನ್ನೇ ಸಾಕಷ್ಟು ಬಿಗಿಯಾಗಿ ಹೊಂದಿಸುವುದು.

ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಒಂದು ಘಟನೆ ಇನ್ನೊಂದರಿಂದ ಹುಟ್ಟಿತೆನ್ನಲಾಗದು. ಎಲ್ಲ ಯಂತ್ರಗಳ ಎಣಿಕೆಯನ್ನೂ ಪಟ್ಟಿಯಾಗಿ ಹೊರುವ ವೆಕ್ಟರ್ ಗಡಿಯಾರ ಆ ಕೊರತೆ ತುಂಬಿತು. 1988ರಲ್ಲಿ ಕಾಲಿನ್ ಫಿಡ್ಜ್, ಫ್ರೀಡೆಮನ್ ಮ್ಯಾಟರ್ನ್ ಇಬ್ಬರೂ ಬೇರೆಬೇರೆಯಾಗಿ ಇದನ್ನು ಕಂಡುಕೊಂಡರು. ಕಾರ್ನೆಲ್‌ನಲ್ಲಿ ಕೆನ್ ಬಿರ್ಮನ್ ತಂಡದ ಐಸಿಸ್ ತಂತ್ರಾಂಶ ಇಂಥ ಸರದಿಯನ್ನು ಸಂದೇಶ ಸಾಗಿಸುವ ಪದರದಲ್ಲೇ ಒದಗಿಸಿತು. 1993ರಲ್ಲಿ ಡೇವಿಡ್ ಚೆರಿಟನ್ ಮತ್ತು ಡೇಲ್ ಸ್ಕೀನ್ ಅದಕ್ಕೆ ಆಕ್ಷೇಪ ಎತ್ತಿದಾಗ ಮುಂದಿಟ್ಟ ವಾದಗಳಲ್ಲಿ ಮತ್ತದೇ ಫೋನಿನ ನೆರಳು: ಹೊರಗಿನ ಗುಪ್ತ ದಾರಿಗಳು ಈ ಪದರಕ್ಕೆ ಕಾಣುವುದಿಲ್ಲ.

ಫೋನಿನ ಈ ತೊಡಕಿಗೆ ಗೂಗಲ್‌ನ ಸ್ಪ್ಯಾನರ್ ಡೇಟಾಬೇಸ್ ಕೊಟ್ಟ ಉತ್ತರ ಲ್ಯಾಂಪೋರ್ಟರ ಎರಡನೆಯ ಪರಿಹಾರದ ದಾರಿಯದೇ. 2012ರ ಅದರ ಪ್ರಬಂಧದ ಪ್ರಕಾರ ಡೇಟಾ ಕೇಂದ್ರಗಳಲ್ಲಿ ಜಿಪಿಎಸ್ ಮತ್ತು ಪರಮಾಣು ಗಡಿಯಾರಗಳಿದ್ದವು. ಆದರೂ ಹೊತ್ತಿನ ಅನಿಶ್ಚಿತತೆ ಸಾಮಾನ್ಯವಾಗಿ 1ರಿಂದ 7 ಮಿಲಿಸೆಕೆಂಡ್. ಸ್ಪ್ಯಾನರ್ ಆ ಅನಿಶ್ಚಿತತೆ ಕಳೆಯುವ ತನಕ ಸುಮ್ಮನೆ ಕಾದು, ಆಮೇಲಷ್ಟೇ ‘ಆಯಿತು’ ಎನ್ನುತ್ತದೆ. ಅದನ್ನು ಕಂಡ ಮೇಲೆ ಫೋನ್ ಮಾಡಿದರೆ ಗೆಳೆಯನ ಕೋರಿಕೆ ಹಿಂದೆಯೇ ನಿಲ್ಲುತ್ತದೆ.

ಇಷ್ಟು ವೆಚ್ಚ ಎಲ್ಲರ ಕೈಲಾಗದು. ಬಹಳ ಕಡೆ ಬಳಕೆಯಲ್ಲಿರುವ, ಸಂದೇಶ ಸಾಗಿಸುವ ತಂತ್ರಾಂಶ ಕಾಫ್ಕಾ ಸಂದೇಶಗಳನ್ನು ಪಾರ್ಟಿಷನ್ ಎಂಬ ಸಾಲುಗಳಾಗಿ ಹಂಚಿ, ಒಂದು ಪಾರ್ಟಿಷನ್ನಿನ ಒಳಗಷ್ಟೇ ಸರದಿ ಕಾಯುತ್ತದೆ. ಒಂದು ಮೋಟಾರಿನ ಸಂದೇಶಗಳೆಲ್ಲ ಒಂದೇ ಪಾರ್ಟಿಷನ್ನಿಗೆ ಹೋದರೆ ಓದುವವರೆಲ್ಲರಿಗೂ ಒಂದೇ ಸರದಿ ಕಾಣುತ್ತದೆ. ಆದರೆ ಆ ಸರದಿ ಸಂದೇಶಗಳು ಅಲ್ಲಿಗೆ ಬಂದು ಸೇರಿದ ಸರದಿ. ತಮ್ಮನ ‘ನಿಲ್ಲಿಸು’ ಮೊದಲು ಬಂದಿದ್ದರೆ ಎಲ್ಲರೂ ಅದನ್ನೇ ಮೊದಲು ಓದುತ್ತಾರೆ, ಮೋಟಾರೂ ಓಡುತ್ತಲೇ ಇರುತ್ತದೆ.