ನಿಮಗಿದು ಗೊತ್ತೆ? ಮಾಲೂರಿನ ನಡುಮಧ್ಯಾಹ್ನ 12ಕ್ಕಲ್ಲ!
ಭಾರತದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಒಂದು ಡಿಗ್ರಿ ಪಶ್ಚಿಮಕ್ಕೆ ಬಂದರೆ ಸೂರ್ಯ 4 ನಿಮಿಷ ತಡ. ಹಾಗಾಗಿ ಮಾಲೂರಿನಲ್ಲಿ ಹೊತ್ತು ನಡುಬಾನಿಗೆ ಏರುವಾಗ ಗಡಿಯಾರದಲ್ಲಿ ಸರಾಸರಿ 12.18, ಮುಳಬಾಗಿಲಿನಲ್ಲಿ ಸುಮಾರು 2 ನಿಮಿಷ ಮೊದಲೇ. ಒಂದೇ ಜಿಲ್ಲೆ, ಆದರೂ ಇಷ್ಟು ವ್ಯತ್ಯಾಸ!

ಅಮೆರಿಕದವರದು ಬೇರೆಯೇ ಆಟ. ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ನ್ಯೂಜೆರ್ಸಿಯ ಮಗಳು ತನ್ನ ರಾತ್ರಿ 9ಕ್ಕೆ ಕರೆ ಮಾಡಿದರೆ ಶ್ರೀನಿವಾಸಪುರದ ಅಮ್ಮನಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 6.30, ಚಳಿಗಾಲದಲ್ಲಿ 7.30. ನಗಬೇಡಿ, ಎರಡನೇ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಭಾರತದ ಸಮಯವನ್ನೂ ಹೀಗೆಯೇ ಒಂದು ಗಂಟೆ ಮುಂದಿಡಲಾಗಿತ್ತು.