ಅಳತೆ ಮತ್ತು ದತ್ತಾಂಶ ಬೋಧನೆ (ಕಿರಿಯ ಪ್ರಾಥಮಿಕ ಹಂತ)

ಅಳತೆ ಮತ್ತು ದತ್ತಾಂಶ ಬೋಧನೆಯು ಕಿರಿಯ ಪ್ರಾಥಮಿಕ ತರಗತಿಗಳ ಗಣಿತ ಶಿಕ್ಷಣದ ಒಂದು ವಿಭಾಗ. ಉದ್ದ, ತೂಕ, ಗಾತ್ರ, ಕಾಲ ಮೊದಲಾದ ಪರಿಮಾಣಗಳನ್ನು ಹೋಲಿಸಿ ಅಳೆಯುವುದು, ಮಾಹಿತಿಯನ್ನು ಸಂಗ್ರಹಿಸಿ ವರ್ಗೀಕರಿಸುವುದು, ಅದನ್ನು ಚಿತ್ರರೂಪದಲ್ಲಿ ನಿರೂಪಿಸಿ ಉತ್ತರ ಕಂಡುಕೊಳ್ಳುವುದು ಇದರ ವ್ಯಾಪ್ತಿಗೆ ಸೇರುತ್ತವೆ. ಎಣಿಕೆಯಲ್ಲಿ ಮಗುವಿನ ಮುಂದೆ ಹುಣಸೆಬೀಜ, ಕಡ್ಡಿಗಳಂತಹ ಬಿಡಿ ವಸ್ತುಗಳಿರುತ್ತವೆ. ಬೆಂಚಿನ ಉದ್ದವಾದರೋ ಅಖಂಡವಾದುದು. ಅದನ್ನು ಸಮಭಾಗಗಳಾಗಿ ಮನಸ್ಸಿನಲ್ಲಿ ವಿಭಾಗಿಸಿಕೊಂಡ ನಂತರವಷ್ಟೇ ಎಣಿಸಲು ಸಾಧ್ಯ. ಇದನ್ನು ಗ್ರಹಿಸದೆ ಅಳತೆಪಟ್ಟಿಯ ಅಂಕಿಗಳನ್ನು ಓದಲು ಮಾತ್ರ ಕಲಿತ ಮಗು ಮುಂದೆ ಭಿನ್ನರಾಶಿ, ದಶಮಾಂಶ ಮತ್ತು ವಿಸ್ತೀರ್ಣದ ಪಾಠಗಳಲ್ಲಿ ತೊಡಕನ್ನು ಎದುರಿಸುತ್ತದೆ.

ಪಠ್ಯಕ್ರಮದಲ್ಲಿ ಸ್ಥಾನ

ಗಣಿತವನ್ನು ಮಗುವಿನ ನಿತ್ಯದ ಅನುಭವದೊಂದಿಗೆ ಜೋಡಿಸಬೇಕೆಂಬ ಆಶಯಕ್ಕೆ ಭಾರತದಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒತ್ತು ನೀಡಿತು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ನಿಪುಣ್ ಭಾರತ್’ ಯೋಜನೆಯು 3ನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ಗಳಿಸಬೇಕೆಂಬ ಗುರಿ ಹೊಂದಿದೆ. ಅದರ ಸಂಖ್ಯಾಜ್ಞಾನದ ಅಂಶಗಳಲ್ಲಿ ಅಳತೆಯೂ ದತ್ತಾಂಶ ನಿರ್ವಹಣೆಯೂ ಸೇರಿವೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ‘ಕಾಮನ್ ಕೋರ್’ ಕಲಿಕಾ ಮಾನದಂಡಗಳು ಈ ಎರಡನ್ನೂ ಒಂದೇ ವಿಭಾಗವಾಗಿ ಪರಿಗಣಿಸಿವೆ.

ಕಲಿಕೆಯ ಹಂತಗಳು

ಉದ್ದದ ಅಳತೆಯನ್ನು ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ಕಲಿಸಲಾಗುತ್ತದೆ.

1. ನೇರ ಹೋಲಿಕೆ: ಎರಡು ಪೆನ್ಸಿಲ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಉದ್ದವಾದುದನ್ನು ಗುರುತಿಸುವುದು. ಎರಡರ ಒಂದೊಂದು ತುದಿ ಒಂದೇ ಗೆರೆಯಲ್ಲಿರಬೇಕೆಂಬುದು ಇಲ್ಲಿ ಕಲಿಯಬೇಕಾದ ನಿಯಮ.

2. ಪರೋಕ್ಷ ಹೋಲಿಕೆ: ಬಾಗಿಲಿನ ಅಗಲವನ್ನೂ ಮೇಜಿನ ಅಗಲವನ್ನೂ ಪಕ್ಕಪಕ್ಕದಲ್ಲಿಡಲಾಗದು. ಒಂದು ದಾರದಿಂದ ಮೇಜಿನ ಅಗಲವನ್ನು ಗುರುತಿಸಿಕೊಂಡು ಬಾಗಿಲಿಗೆ ಹಿಡಿದಾಗ, ಮೂರನೆಯ ವಸ್ತುವೊಂದು ಎರಡರ ನಡುವೆ ಸಾಕ್ಷಿಯಾಗಬಲ್ಲದೆಂದು ಮಗು ತಿಳಿಯುತ್ತದೆ.

3. ಅಪ್ರಮಾಣಿತ ಏಕಮಾನ: ಗೇಣು, ಹೆಜ್ಜೆ, ಬೆಂಕಿಕಡ್ಡಿಗಳಿಂದ ಅಳೆಯುವುದು. ಕಡ್ಡಿಗಳ ನಡುವೆ ತೆರಪಿರಬಾರದು, ಒಂದರ ಮೇಲೊಂದು ಏರಬಾರದು, ಎಲ್ಲವೂ ಸಮನಾಗಿರಬೇಕು.

4. ಪ್ರಮಾಣಿತ ಏಕಮಾನ: ಸೆಂಟಿಮೀಟರ್ ಮತ್ತು ಮೀಟರ್. ಒಂದೇ ಬೆಂಚು ಶಿಕ್ಷಕರಿಗೆ ಏಳು ಗೇಣು, ವಿದ್ಯಾರ್ಥಿಗೆ ಹತ್ತು ಗೇಣು ಆಗಬಹುದು. ಈ ವ್ಯತ್ಯಾಸವನ್ನು ಕಂಡ ಮಕ್ಕಳಿಗೆ ಎಲ್ಲರಿಗೂ ಒಂದೇ ಆದ ಅಳತೆ ಏಕೆ ಬೇಕೆಂಬುದು ಮನವರಿಕೆಯಾಗುತ್ತದೆ.

ಈ ಕ್ರಮವನ್ನು ಎಲ್ಲ ವಿದ್ವಾಂಸರೂ ಕಟ್ಟುನಿಟ್ಟಾದುದೆಂದು ಒಪ್ಪುವುದಿಲ್ಲ. ಮಕ್ಕಳು ಅಳತೆಪಟ್ಟಿಯನ್ನು ಆಸಕ್ತಿಯಿಂದ ಬಳಸುವುದರಿಂದ ಅದನ್ನು ಮೊದಲಿನಿಂದಲೇ ಬಿಡಿ ಏಕಮಾನಗಳ ಜೊತೆಯಲ್ಲಿ ಪರಿಚಯಿಸಬಹುದೆಂಬುದು ಡಗ್ಲಾಸ್ ಕ್ಲೆಮೆಂಟ್ಸ್ ಮೊದಲಾದ ಸಂಶೋಧಕರ ಅಭಿಪ್ರಾಯ. ಏಕಮಾನದ ಅರ್ಥ ತಿಳಿಯಬೇಕೆಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ತೂಕ, ಗಾತ್ರ ಮತ್ತು ಕಾಲ

ತೂಕವು ಕಣ್ಣಿಗೆ ಕಾಣುವ ಗುಣವಲ್ಲ. ದೊಡ್ಡ ಬಲೂನಿಗಿಂತ ಚಿಕ್ಕ ಕಲ್ಲು ಭಾರವೆಂಬುದನ್ನು ಕೈಯಲ್ಲಿ ಹಿಡಿದು, ಅನಂತರ ತಕ್ಕಡಿಯಲ್ಲಿಟ್ಟು ಅರಿಯಬೇಕು. ಪಾವಿನಲ್ಲಿ ಅಳೆದ ಅಕ್ಕಿಯನ್ನೂ ಅದೇ ಪಾವಿನಲ್ಲಿ ಅಳೆದ ಮಂಡಕ್ಕಿಯನ್ನೂ ತೂಗಿದರೆ, ಗಾತ್ರ ಒಂದೇ ಆಗಿದ್ದರೂ ತೂಕ ಬೇರೆಯಾಗಬಹುದೆಂಬುದು ಸ್ಪಷ್ಟವಾಗುತ್ತದೆ.

ಗಾತ್ರದ ಕುರಿತು ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಅಗಲವಾದ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಮಗುವಿನ ಎದುರಿನಲ್ಲೇ ಸುರಿದರೂ, ಸುಮಾರು 7 ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಅನೇಕರು ಎತ್ತರದ ಲೋಟದಲ್ಲೇ ಹೆಚ್ಚು ನೀರಿದೆ ಎನ್ನುತ್ತಾರೆ. ಆದರೆ ಉತ್ತರವು ಪ್ರಶ್ನೆ ಕೇಳುವ ಸಂದರ್ಭವನ್ನೂ ಅವಲಂಬಿಸುತ್ತದೆ. ಸಂಖ್ಯೆ ಮತ್ತು ಉದ್ದಗಳ ಕುರಿತ ಇಂಥದೇ ಪ್ರಯೋಗದಲ್ಲಿ, ದೊಡ್ಡವರ ಬದಲು ತುಂಟ ಆಟದ ಕರಡಿಯೊಂದು ಸಾಲನ್ನು ಕೆಡಿಸಿದಂತೆ ತೋರಿಸಿದಾಗ ಸರಿಯುತ್ತರ ನೀಡಿದ ಮಕ್ಕಳ ಸಂಖ್ಯೆ ಹೆಚ್ಚಿತೆಂದು ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ 1974ರಲ್ಲಿ ವರದಿ ಮಾಡಿದರು. ಆದ್ದರಿಂದ ಒಂದು ತಪ್ಪು ಉತ್ತರದಿಂದ ಮಗುವಿನ ಬುದ್ಧಿಶಕ್ತಿಯನ್ನು ನಿರ್ಣಯಿಸುವುದು ಸಲ್ಲದು.

ಕಾಲವನ್ನು ಮುಟ್ಟಲೂ ಆಗದು, ಪಕ್ಕದಲ್ಲಿಟ್ಟು ಹೋಲಿಸಲೂ ಆಗದು. ಇದಲ್ಲದೆ ಗಂಟೆಗೆ 60 ನಿಮಿಷಗಳಿರುವುದರಿಂದ ಹತ್ತರ ಗುಂಪಿನ ರೂಢಿ ಇಲ್ಲಿ ಕೈಕೊಡುತ್ತದೆ. 9 ಗಂಟೆ 45 ನಿಮಿಷಕ್ಕೆ ಅರ್ಧ ಗಂಟೆ ಸೇರಿಸಿ ‘9 ಗಂಟೆ 75 ನಿಮಿಷ’ ಎಂದು ಬರೆಯುವ ಮಗು ಸಂಕಲನದಲ್ಲಿ ತಪ್ಪಿಲ್ಲ, ಏಕಮಾನದಲ್ಲಿ ತಪ್ಪಿದೆ.

ದತ್ತಾಂಶ ನಿರ್ವಹಣೆ

ದತ್ತಾಂಶದ ಕಲಿಕೆ ಪ್ರಶ್ನೆಯಿಂದ ಆರಂಭವಾಗುತ್ತದೆ. ‘ನಮ್ಮ ತರಗತಿಯ ಮಕ್ಕಳು ಶಾಲೆಗೆ ಹೇಗೆ ಬರುತ್ತಾರೆ?’ ಎಂಬ ಪ್ರಶ್ನೆಗೆ ನಡೆದು 14, ಬಸ್ಸಿನಲ್ಲಿ 6, ಆಟೋದಲ್ಲಿ 5, ಬೈಸಿಕಲ್‌ನಲ್ಲಿ 3 ಮಕ್ಕಳು ಎಂಬ ಉತ್ತರ ದೊರೆಯಿತೆಂದು ಭಾವಿಸೋಣ. ಬಸ್ ನಿಲ್ದಾಣದವರೆಗೆ ನಡೆದು ಅನಂತರ ಬಸ್ ಹತ್ತುವ ಮಗುವನ್ನು ಯಾವ ಗುಂಪಿಗೆ ಸೇರಿಸಬೇಕು? ಇದನ್ನು ಮಕ್ಕಳೇ ಚರ್ಚಿಸಿ ತೀರ್ಮಾನಿಸಿದಾಗ ವರ್ಗೀಕರಣಕ್ಕೆ ನಿಯಮ ಬೇಕೆಂಬುದು ತಿಳಿಯುತ್ತದೆ.

ಎಣಿಕೆಗೆ ನಾಲ್ಕು ನಿಲುವುಗೆರೆ ಎಳೆದು ಐದನೆಯದನ್ನು ಅಡ್ಡಲಾಗಿ ಹೊಡೆಯುವ ಗುರುತುಗಳನ್ನು ಬಳಸಲಾಗುತ್ತದೆ. ನಂತರ ಚಿತ್ರನಕ್ಷೆ, ಆ ಬಳಿಕ ಸ್ತಂಭನಕ್ಷೆ ರಚಿಸಲಾಗುತ್ತದೆ. ಚಿತ್ರನಕ್ಷೆಯಲ್ಲಿ ಎಲ್ಲ ಚಿತ್ರಗಳೂ ಒಂದೇ ಅಳತೆಯಲ್ಲಿರಬೇಕು. ಬಸ್ಸನ್ನು ದೊಡ್ಡದಾಗಿ, ಬೈಸಿಕಲ್ಲನ್ನು ಚಿಕ್ಕದಾಗಿ ಬರೆದರೆ ಸಾಲಿನ ಉದ್ದ ಸುಳ್ಳು ಹೇಳುತ್ತದೆ. ಕಡ್ಡಿಗಳ ನಡುವೆ ತೆರಪಿರಬಾರದೆಂಬ ಅಳತೆಯ ನಿಯಮವೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ನಕ್ಷೆಯನ್ನು ಓದುವುದರಲ್ಲಿ ಮೂರು ಮಟ್ಟಗಳಿರುವುದನ್ನು ಫ್ರಾನ್ಸಿಸ್ ಕರ್ಸಿಯೊ 1987ರ ಪ್ರಬಂಧದಲ್ಲಿ ವಿವರಿಸಿದರು. ಮೇಲಿನ ಉದಾಹರಣೆಯಲ್ಲಿ, ‘ಬಸ್ಸಿನಲ್ಲಿ ಎಷ್ಟು ಜನ?’ ಎಂಬುದು ನಕ್ಷೆಯಲ್ಲಿರುವುದನ್ನು ಓದುವ ಪ್ರಶ್ನೆ. ‘ಬಸ್ಸಿಗಿಂತ ನಡೆದು ಬರುವವರು ಎಷ್ಟು ಹೆಚ್ಚು?’ ಎಂಬುದು ಹೋಲಿಸುವ ಪ್ರಶ್ನೆ. ‘ಬಸ್ ಮುಷ್ಕರದ ದಿನ ಎಷ್ಟು ಮಕ್ಕಳಿಗೆ ತೊಂದರೆಯಾಗಬಹುದು?’ ಎಂಬುದು ನಕ್ಷೆಯಾಚೆಗೆ ಯೋಚಿಸುವ ಪ್ರಶ್ನೆ.

ಮೊಳಕೆಯೊಡೆದ ಹುರುಳಿ ಸಸಿಯ ಎತ್ತರವನ್ನು ಪ್ರತಿದಿನ ಅಳೆದು ನಕ್ಷೆ ಬರೆಯುವ ಚಟುವಟಿಕೆಯಲ್ಲಿ ಅಳತೆ ಮತ್ತು ದತ್ತಾಂಶಗಳೆರಡೂ ಒಂದಾಗುತ್ತವೆ.

ಸಾಮಾನ್ಯ ತಪ್ಪುಗಳು ಮತ್ತು ಪರಿಶೀಲನೆ

• ಅಳತೆಪಟ್ಟಿಯ 0ಯ ಬದಲು 1ರಿಂದ ಅಳೆಯಲು ಆರಂಭಿಸುವುದು.
• ಗೆರೆಗಳ ನಡುವಿನ ಅಂತರಗಳ ಬದಲು ಗೆರೆಗಳನ್ನೇ ಎಣಿಸುವುದು.
• ಏಕಮಾನವನ್ನು ಹೇಳದೆ ಸಂಖ್ಯೆಯನ್ನಷ್ಟೇ ಹೇಳುವುದು.
• ಏಕಮಾನ ದೊಡ್ಡದಾದರೆ ಉತ್ತರದ ಸಂಖ್ಯೆಯೂ ದೊಡ್ಡದಾಗುತ್ತದೆಂದು ಭಾವಿಸುವುದು.

ಮೊದಲ ಎರಡು ತಪ್ಪುಗಳನ್ನು ಪತ್ತೆಹಚ್ಚಲು ತುದಿ ಮುರಿದ ಅಳತೆಪಟ್ಟಿ ಉಪಯುಕ್ತ ಸಾಧನ. ಪೆನ್ಸಿಲ್ಲಿನ ಒಂದು ತುದಿ 3ರಲ್ಲಿ, ಇನ್ನೊಂದು 8ರಲ್ಲಿ ಇರುವಂತೆ ಇರಿಸಿ ಉದ್ದ ಕೇಳಬೇಕು. ‘8’ ಎನ್ನುವ ಮಗು ಕೊನೆಯ ಅಂಕಿಯನ್ನು ಓದಿದೆ. ‘6’ ಎನ್ನುವ ಮಗು ಗೆರೆಗಳನ್ನು ಎಣಿಸಿದೆ. ‘5’ ಎನ್ನುವ ಮಗು ಅಂತರಗಳನ್ನು ಎಣಿಸಿದೆ. ತಪ್ಪು ಉತ್ತರವೂ ಶಿಕ್ಷಕರಿಗೆ ದಾರಿ ತೋರುತ್ತದೆ. ಅಳೆಯುವ ಮುನ್ನ ಅಂದಾಜು ಹೇಳಿಸಿ, ಅಳೆದ ಮೇಲೆ ತಾಳೆ ನೋಡಿಸುವುದು ಮತ್ತೊಂದು ಉತ್ತಮ ಅಭ್ಯಾಸ.

ಕರ್ನಾಟಕದಲ್ಲಿ

ಕನ್ನಡ ನಾಡಿನಲ್ಲಿ ಗೇಣು, ಮೊಳ, ಮಾರುಗಳು ಉದ್ದಕ್ಕೂ, ಪಾವು, ಸೇರು, ಕೊಳಗ, ಖಂಡುಗಗಳು ಧಾನ್ಯಕ್ಕೂ ಬಳಕೆಯಲ್ಲಿದ್ದವು. ಎರಡು ಗೇಣು ಒಂದು ಮೊಳ, ನಾಲ್ಕು ಮೊಳ ಒಂದು ಮಾರು, ನಾಲ್ಕು ಪಾವು ಒಂದು ಸೇರು ಎಂಬುದು ರೂಢಿ. 1956ರ ಕಾಯಿದೆಯ ಅನ್ವಯ ದೇಶದಲ್ಲಿ 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿತು. ಆದರೂ ಹೂವು ಮಾರುವವರು ಇಂದಿಗೂ ಮೊಳದ ಲೆಕ್ಕದಲ್ಲೇ ಅಳೆಯುತ್ತಾರೆ, ಅನೇಕ ಮನೆಗಳಲ್ಲಿ ಅಕ್ಕಿಯನ್ನು ಪಾವಿನಲ್ಲೇ ಅಳೆಯಲಾಗುತ್ತದೆ. ಮಾರುವವರ ಮೊಳಕ್ಕೂ ಕೊಳ್ಳುವವರ ಮೊಳಕ್ಕೂ ಇರುವ ವ್ಯತ್ಯಾಸ ಪ್ರಮಾಣಿತ ಅಳತೆಯ ಪಾಠಕ್ಕೆ ಸಿದ್ಧ ಉದಾಹರಣೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಇದರಲ್ಲಿ ಬೇರೆ ಬೇರೆ ತರಗತಿಗಳ ಮಕ್ಕಳು ಗುಂಪುಗಳಲ್ಲಿ ಕುಳಿತು, ಕಾರ್ಡುಗಳ ನೆರವಿನಿಂದ ತಮ್ಮ ವೇಗದಲ್ಲೇ ಕಲಿಯುತ್ತಾರೆ. ಕೈಯಿಂದ ಮಾಡಿ ತಿಳಿಯಬೇಕಾದ ಅಳತೆಯಂತಹ ವಿಷಯಕ್ಕೆ ಈ ವ್ಯವಸ್ಥೆ ಹೊಂದಿಕೆಯಾಗುತ್ತದೆ. ದಾರ, ಕಡ್ಡಿ, ಖಾಲಿ ಬಾಟಲಿ, ತೆಂಗಿನ ಕರಟದ ತಕ್ಕಡಿಗಳಂತಹ ಸುಲಭವಾಗಿ ದೊರೆಯುವ ವಸ್ತುಗಳಿಂದಲೇ ಇಲ್ಲಿ ವಿವರಿಸಿದ ಬಹುಪಾಲು ಚಟುವಟಿಕೆಗಳನ್ನು ನಡೆಸಬಹುದು.