ಹಳೆಯ ಗಾಡಿಗೆ ಹೊಸ ಕಾಲು

ರಾಜಾಜಿನಗರದ ಬೀದಿಗಳಲ್ಲಿ ಸಂಜೆಯ ಹೊತ್ತು ನಡೆದು ಹೋಗುವವರಿಗೆ, ಒಂದೊಂದು ಮನೆಯ ಮುಂಗಟ್ಟಿನಲ್ಲಿ, ಹೊದಿಕೆಯ ಕೆಳಗೆ, ಹಳೆಯ ಯೆಜ್ಡಿ ಮೋಟಾರು ಸೈಕಲ್ಲೊಂದು ನಿಂತಿರುವುದು ಈಗಲೂ ಕಾಣಬರುತ್ತದೆ. ತಂದೆ ಕೊಂಡುದು, ಮಗನ ಪಾಲಿಗೆ ಬಂದುದು. ಅದನ್ನು ಮಾರಲು ಮನಸ್ಸೊಪ್ಪದು. ಇದ್ದಂತೆಯೇ ಓಡಿಸಲು ಧೈರ್ಯ ಸಾಲದು. ಹೀಗಿರಲಾಗಿ, ಹೊಸ ಓಟದ ಗಾಡಿಯೊಂದರ ಮುಂದಿನ ಫೋರ್ಕನ್ನು ತಂದು ಈ ಹಳೆಯ ಗಾಡಿಗೆ ಕೂಡಿಸಿದರೆ ಹೇಗೆಂಬ ಯೋಚನೆ ತರುಣರಲ್ಲಿ ಹುಟ್ಟುವುದು ಸಹಜವೇ ಆಗಿದೆ. ಹಣ ಕೊಡಬೇಕಾದ ಹಿರಿಯರೂ, ಹಿಂದಿನ ಆಸನದಲ್ಲಿ ಕುಳಿತುಕೊಳ್ಳಬೇಕಾದ ಮನೆಯವರೂ ಈ ವಿಷಯವನ್ನು ಸ್ವಲ್ಪ ತಿಳಿದುಕೊಂಡಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಈ ಗಾಡಿಗಳು ನಮ್ಮ ನಾಡಿನವೇ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಲ್ಲಿ, ಜೆಕೊಸ್ಲೊವಾಕಿಯಾ ದೇಶದ ಜಾವಾ ಕಂಪೆನಿಯ ಅನುಮತಿಯಿಂದ, ಕೆಲಸವನ್ನಾರಂಭಿಸಿತು. ೧೯೭೩ರಿಂದ ಗಾಡಿಗಳಿಗೆ ಯೆಜ್ಡಿಯೆಂದು ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ೨೦೨೨ರಲ್ಲಿ ಆ ಹೆಸರು ಮತ್ತೆ ಪೇಟೆಗೆ ಬಂದಿದೆಯಾದರೂ, ಅವು ಬೇರೆಯೇ ಗಾಡಿಗಳು. ಆದಕಾರಣ ಮೈಸೂರಿನ ಯೆಜ್ಡಿಗಳಲ್ಲಿ ಅತ್ಯಂತ ಕಿರಿಯದಕ್ಕೂ ಈಗ ಮೂವತ್ತು ವರ್ಷಗಳಷ್ಟು ವಯಸ್ಸಾಗಿದೆ. ಅದರ ಡ್ರಮ್ ಬ್ರೇಕೂ ಶಾಕ್ ಅಬ್ಸಾರ್ಬರುಗಳೂ ಅಂದಿನ ರಸ್ತೆಗೆ, ಅಂದಿನ ವೇಗಕ್ಕೆ ಹವಣಿಸಿದವು. ಮುಂದಿನ ಕಾರು ತಟ್ಟನೆ ನಿಂತರೆ ಅಷ್ಟೇ ತಟ್ಟನೆ ನಿಲ್ಲಬೇಕಾದ ಇಂದಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯಲ್ಲಿ ಅವು ಸಾಲವೆಂದು ತರುಣರು ಹೇಳಿದರೆ, ಆ ಮಾತು ಬರಿಯ ಚಾಪಲ್ಯವಲ್ಲ.

ಈ ಬಗೆಯ ಎರವಲು ಹೊರದೇಶಗಳಲ್ಲಿಯೂ ರೂಢಿಯಲ್ಲಿದೆ. ಸುಜುಕಿ ಕಂಪೆನಿಯವರು ೧೯೯೯ರಲ್ಲಿ ಹೊರತಂದ ಎಸ್‌ವಿ ೬೫೦ ಎಂಬ ಗಾಡಿಗೆ ಒಳ್ಳೆಯ ಎಂಜಿನ್ ಇದ್ದಿತು. ಬೆಲೆಯನ್ನು ತಗ್ಗಿಸುವುದಕ್ಕಾಗಿ ಫೋರ್ಕನ್ನು ಮಾತ್ರ ಸಾದಾ ಮಾಡಿದ್ದರು. ಅದರ ಒಡೆಯರಲ್ಲಿ ಹಲವರು ಅದೇ ಕಂಪೆನಿಯ ಜಿಎಸ್ಎಕ್ಸ್-ಆರ್ ಎಂಬ ಓಟದ ಗಾಡಿಯ ಮುಂಭಾಗವನ್ನು ತಂದು ಕೂಡಿಸಿಕೊಂಡರು. ನಮ್ಮಲ್ಲಿ ಇಂಥ ಆಸೆಗೆ ವಸ್ತುವಾಗಿರುವವು ೨೦೧೪ರಲ್ಲಿ ಬಂದ ಕೆಟಿಎಂ ಆರ್‌ಸಿ ೩೯೦, ಯಮಾಹಾ ಆರ್ ೧೫ ಮೊದಲಾದವು. ಆರ್‌ಸಿ ೩೯೦ರ ಫೋರ್ಕಿನ ಕೊಳವೆ ೪೩ ಮಿಲಿಮೀಟರು ದಪ್ಪ. ಮೊದಲ ವರ್ಷಗಳ ಗಾಡಿಯಲ್ಲಿ ಮುಂದಿನ ಬ್ರೇಕಿನ ತಟ್ಟೆ ೩೦೦ ಮಿಲಿಮೀಟರು ಅಗಲ. ನೋಡಿದವರಿಗೆ ಆಸೆಯಾಗುವುದರಲ್ಲಿ ಆಶ್ಚರ್ಯವೇನು?

ಹಳೆಯದಕ್ಕೂ ಹೊಸದಕ್ಕೂ ಇರುವ ಭೇದವನ್ನು ಇಲ್ಲಿ ತಿಳಿಯಬೇಕು. ಫೋರ್ಕಿನೊಳಗೆ ಸ್ಪ್ರಿಂಗೂ ಎಣ್ಣೆಯೂ ಇರುತ್ತವೆ. ಗಾಲಿ ಹೊಂಡಕ್ಕೆ ಬಿದ್ದಾಗ ಸ್ಪ್ರಿಂಗು ಪೆಟ್ಟನ್ನು ನುಂಗಿಕೊಳ್ಳುತ್ತದೆ. ನುಂಗಿದುದನ್ನು ಹಾಗೆಯೇ ಹಿಂದಕ್ಕೆ ಉಗುಳುವುದು ಅದರ ಸ್ವಭಾವ. ಆ ಕುಣಿತವನ್ನು ಎಣ್ಣೆ ತಡೆಯುತ್ತದೆ. ಹಳೆಯ ಫೋರ್ಕಿನಲ್ಲಿ ಎಣ್ಣೆ ಹಾದುಹೋಗುವ ರಂಧ್ರಗಳು ಒಂದೇ ಅಳತೆಯವು. ಗಾಲಿ ಮೆಲ್ಲನೆ ಏರಿಳಿದರೆ ತಡೆ ಸಾಲದಾಗಿ ಗಾಡಿ ತೊನೆಯುತ್ತದೆ. ಥಟ್ಟನೆ ಏರಿದರೆ ವೇಗದ ವರ್ಗದಂತೆ ತಡೆ ಹೆಚ್ಚಿ, ಪೆಟ್ಟು ನೇರವಾಗಿ ಕೈಗೆ ಬಡಿಯುತ್ತದೆ. ಹೊಸ ಬಗೆಯವುಗಳಲ್ಲಿ ರಂಧ್ರಗಳ ಮೇಲೆ ತೆಳ್ಳನೆಯ ಉಕ್ಕಿನ ಬಿಲ್ಲೆಗಳನ್ನು ಜೋಡಿಸಿರುತ್ತಾರೆ. ಒತ್ತಡ ಹೆಚ್ಚಾದಂತೆ ಅವು ಬಾಗಿ ದಾರಿ ಬಿಡುತ್ತವೆ. ಹೊಸದರ ಹೆಚ್ಚಳವೆಲ್ಲ ಮುಖ್ಯವಾಗಿ ಈ ಸೂಕ್ಷ್ಮದಲ್ಲಿದೆ.

ಹಾಗಾದರೆ ಕೂಡಿಸಿಬಿಡಬಹುದಲ್ಲವೇ ಎಂದರೆ, ಅಲ್ಲಿಯೇ ವಿಚಾರವಿದೆ. ನಮ್ಮ ವ್ಯಾಕರಣದಲ್ಲಿ ಅರಿಸಮಾಸವೆಂಬುದೊಂದುಂಟು. ಸಂಸ್ಕೃತಪದವನ್ನೂ ಕನ್ನಡಪದವನ್ನೂ ಎಚ್ಚರವಿಲ್ಲದೆ ಒಂದೇ ಸಮಾಸದಲ್ಲಿ ಕಟ್ಟಿದರೆ ಅವು ಶತ್ರುಗಳಂತೆ ಸೆಣಸುತ್ತವೆಂದು ಅದಕ್ಕೆ ಆ ಹೆಸರು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇದನ್ನು ದೋಷವೆಂದು ಹೇಳಿದನಾದರೂ, ಬಿರುದಾವಳಿಯೇ ಮೊದಲಾದ ಕೆಲವೆಡೆಗಳಲ್ಲಿ ಒಪ್ಪಿಕೊಂಡನು. ಎರಡು ಪದಗಳೂ ಒಳ್ಳೆಯವೇ, ದೋಷವಿರುವುದು ಕೂಡಿಕೆಯಲ್ಲಿ. ಯಂತ್ರದ ಮಾತೂ ಹಾಗೆಯೇ. ಅಂಗವನ್ನು ಎರವಲು ತರುವವನು ಅದರ ಅಳತೆಯನ್ನೂ ಕೂಡ ಎರವಲು ತಂದಿರುತ್ತಾನೆ.

ಮೊದಲನೆಯದಾಗಿ ಕೋನದ ಲೆಕ್ಕ. ಮೋಟಾರು ಸೈಕಲ್ಲಿನ ಹ್ಯಾಂಡಲು ತಿರುಗುವ ಅಚ್ಚು ನೆಟ್ಟಗಿರದೆ ಹಿಂದಕ್ಕೆ ವಾಲಿರುತ್ತದೆ. ಆ ಅಚ್ಚಿನ ರೇಖೆಯನ್ನು ನೆಲದವರೆಗೆ ಎಳೆದರೆ, ಅದು ಟಯರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಸ್ವಲ್ಪ ಮುಂದೆ ಬಂದು ಸೇರುತ್ತದೆ. ಈ ಅಂತರವೇ ಗಾಡಿಯನ್ನು ನೇರವಾಗಿ ನಡೆಸುವುದು. ಆರ್‌ಸಿ ೩೯೦ರ ಅಚ್ಚು ಲಂಬದಿಂದ ೨೩.೫ ಡಿಗ್ರಿಯಷ್ಟು ಮಾತ್ರ ವಾಲಿದೆ. ಬೇಗ ತಿರುಗಬೇಕೆಂಬುದೇ ಅದರ ಉದ್ದೇಶ. ತಂದ ಫೋರ್ಕು ಹಳೆಯದಕ್ಕಿಂತ ೨೫ ಮಿಲಿಮೀಟರು ಗಿಡ್ಡವಾಗಿ ಕುಳಿತಿತೆನ್ನೋಣ. ಎರಡು ಗಾಲಿಗಳ ನಡುವೆ ೧,೩೦೦ ಮಿಲಿಮೀಟರು ಇರುವ ಗಾಡಿಯಲ್ಲಿ ಕೋನ ಸುಮಾರು ಒಂದು ಡಿಗ್ರಿಯಷ್ಟು ಬದಲಾಗುತ್ತದೆ. ಮೇಲೆ ಹೇಳಿದ ಅಂತರ ಸುಮಾರು ೬ ಮಿಲಿಮೀಟರು ಕಡಿಮೆಯಾಗುತ್ತದೆ. ಇದರೊಡನೆ ಹಳೆಯ ೧೮ ಅಂಗುಲದ ಗಾಲಿಗೆ ಬದಲಾಗಿ ಓಟದ ಗಾಡಿಯ ೧೭ ಅಂಗುಲದ ಗಾಲಿಯೂ ಬಂದರೆ ಮುಂಭಾಗ ಇನ್ನಷ್ಟು ತಗ್ಗುವುದು. ಬಡಾವಣೆಯ ಒಳಬೀದಿಯಲ್ಲಿ ಈ ಭೇದ ಹಗುರವೆನಿಸಿ ಹಿತವಾಗಿಯೇ ತೋರೀತು. ತುಮಕೂರು ರಸ್ತೆಯ ವೇಗದಲ್ಲಿ ಹ್ಯಾಂಡಲು ನಡುಗಲಾರಂಭಿಸಿದಾಗ ಅದರ ಬೆಲೆ ತಿಳಿಯುತ್ತದೆ.

ಎರಡನೆಯದು ಭಾರ. ಓಟದ ಗಾಡಿಯ ಸವಾರನು ಮುಂದಕ್ಕೆ ಬಾಗಿ ಕುಳಿತು ಮುಂಗಾಲಿಯ ಮೇಲೆ ಭಾರ ಹೇರುತ್ತಾನೆ; ಅದರ ಸ್ಪ್ರಿಂಗು ಅದಕ್ಕೆ ತಕ್ಕಂತೆ ಗಟ್ಟಿ. ಯೆಜ್ಡಿಯ ಸವಾರನು ನೆಟ್ಟಗೆ ಕೂಡುತ್ತಾನೆ. ಹಿಂದೆ ಮಡದಿ, ನಡುವೆ ಮಗು, ಪಕ್ಕದಲ್ಲಿ ತರಕಾರಿಯ ಚೀಲ. ಭಾರವೆಲ್ಲ ಹಿಂದಕ್ಕೆ. ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳೋ ಹಳೆಯವೇ. ಓಟದ ಗಾಡಿಯಲ್ಲಿ ಹಿಂದೆ ಇರುವುದು ನಡುವಿನ ಒಂದೇ ಒಂದು. ಅದನ್ನು ತರಬೇಕಾದರೆ ಚಾಸಿಯನ್ನೇ ಕತ್ತರಿಸಿ ಬೆಸೆಯಬೇಕು. ಮುಂದೆ ಗಟ್ಟಿ, ಹಿಂದೆ ಮೆತ್ತಗೆ ಎಂಬ ಗಾಡಿ ತಿರುವಿನಲ್ಲಿ ಒಂದು ಮನಸ್ಸಿನಿಂದ ನಡೆಯದು.

ಮೂರನೆಯದು ಕೂಡಿಕೆಯ ಸ್ಥಳ. ಹೊಸ ಫೋರ್ಕನ್ನು ಹಿಡಿಯುವ ಟೀಯ ನಡುಗೂಟವು ಹಳೆಯ ಚಾಸಿಯ ಕೋನ್‌ಸೆಟ್ಟಿಗೆ ಸರಿಹೊಂದುವುದು ಅಪರೂಪ. ಆಗ ಲೇತಿನಲ್ಲಿ ಹೊಸ ಗೂಟವನ್ನು ಕಡೆಯಿಸಬೇಕಾಗುತ್ತದೆ. ನಮ್ಮ ಕೈಗಾರಿಕಾ ಬಡಾವಣೆಯಲ್ಲಿ ಕೈಚಳಕವುಳ್ಳ ಲೇತ್ ಕೆಲಸಗಾರರಿಗೆ ಕೊರತೆಯಿಲ್ಲ. ಆದರೆ ಇದು ನೀರಿನ ಪಂಪಿನ ಅಚ್ಚಲ್ಲ. ಬ್ರೇಕು ಹಿಡಿದಾಗ ಗಾಡಿಯ ಮತ್ತು ಸವಾರರ ಭಾರವೆಲ್ಲ ಮುಂದಕ್ಕೆ ನುಗ್ಗಿ ಈ ಗೂಟದ ಮೇಲೂ ಚಾಸಿಯ ಕೊರಳ ಮೇಲೂ ಬೀಳುತ್ತದೆ. ಬ್ರೇಕು ಹರಿತವಾದಷ್ಟೂ ಆ ನೂಕು ಹೆಚ್ಚು. ಯಾವ ಉಕ್ಕು, ಎಷ್ಟು ಬಿಗಿ ಎಂಬುದನ್ನು ಬಲ್ಲವರಿಂದಲೇ ಈ ಕೆಲಸವಾಗಬೇಕು. ಗೂಟದ ಮೇಲೆ ಬೆಸುಗೆ ಹಾಕಿಕೊಡುತ್ತೇವೆನ್ನುವವರಿಗೆ ದೂರದಿಂದಲೇ ಕೈಮುಗಿಯುವುದು ಒಳ್ಳೆಯದು.

ನಾಲ್ಕನೆಯದು ಕಾನೂನು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದಂತೆ, ತಯಾರಕರು ಕೊಟ್ಟ ವಿವರಗಳಿಗೆ ವಿರೋಧವಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡವನ್ನಾಗಲಿ, ಆರು ತಿಂಗಳವರೆಗಿನ ಸೆರೆವಾಸವನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದು. ಅಪಘಾತವಾದಲ್ಲಿ ವಿಮೆಯವರೂ ಇದೇ ಪ್ರಶ್ನೆಯನ್ನೆತ್ತಬಹುದು. ಆದುದರಿಂದ ಮೆಕ್ಯಾನಿಕ್ಕಿಗೆ ಮುಂಗಡ ಕೊಡುವ ಮುನ್ನವೇ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸತಕ್ಕದ್ದು. ಅಲ್ಲಿ ಒಪ್ಪಿಗೆ ದೊರೆಯದಿದ್ದರೆ ಆಸೆಯನ್ನು ಅಲ್ಲಿಗೇ ಬಿಡತಕ್ಕದ್ದು.

ಹಾಗೆಂದು ಹಳೆಯ ಗಾಡಿಯನ್ನು ತುಕ್ಕಿಗೆ ಒಪ್ಪಿಸಬೇಕೆಂದು ನಾವು ಹೇಳುತ್ತಿಲ್ಲ. ಎರವಲಿಗೆ ಮುಂಚೆ ಸ್ವಂತದ್ದನ್ನು ಸರಿಪಡಿಸಿ ನೋಡಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ. ಫೋರ್ಕಿನ ಎಣ್ಣೆಯನ್ನು ವರ್ಷಗಟ್ಟಲೆ ಬದಲಾಯಿಸದ ಗಾಡಿಗಳೇ ಹೆಚ್ಚು. ಕೆಸರಿನಂತಾದ ಎಣ್ಣೆಯನ್ನು ತೆಗೆದು, ಹೇಳಿದ ಅಳತೆಯಷ್ಟು ಹೊಸದನ್ನು ತುಂಬಬೇಕು. ಸವೆದ ಬುಷ್ಷು, ಸೋರುವ ಆಯಿಲ್ ಸೀಲು, ಕುಗ್ಗಿದ ಸ್ಪ್ರಿಂಗು, ಗುಳಿಬಿದ್ದ ಕೋನ್‌ಸೆಟ್ಟು ಇವುಗಳನ್ನು ಬದಲಿಸಬೇಕು. ಬ್ರೇಕಿನ ಲೈನರನ್ನು ಹೊಸದು ಮಾಡಿ, ಡ್ರಮ್ಮು ಅಂಡಾಕಾರವಾಗಿದ್ದರೆ ಲೇತಿನಲ್ಲಿ ಸರಿಮಾಡಿಸಬೇಕು. ಹಿಂದಿನ ಜೋಡಿಯನ್ನೂ ಒಟ್ಟಿಗೇ ಬದಲಿಸಬೇಕು. ಸವಾರನು ಕುಳಿತಾಗ ಫೋರ್ಕು ತನ್ನ ಪೂರ್ಣ ಚಲನೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿ ಕುಸಿಯಬಾರದು. ಇದನ್ನು ಮನೆಯಲ್ಲಿಯೇ ಅಳತೆಪಟ್ಟಿ ಹಿಡಿದು ಪರೀಕ್ಷಿಸಬಹುದು. ಇಷ್ಟಾದ ಮೇಲೆ ಆ ಗಾಡಿಯನ್ನು ಓಡಿಸಿದವರು, ದೋಷವಿದ್ದುದು ಗಾಡಿಯಲ್ಲಲ್ಲ, ಅದರ ಅನಾದರದಲ್ಲಿ ಎಂದು ಕಾಣುವುದೇ ಹೆಚ್ಚು.

ಅದೂ ಸಾಲದೆಂದು ತೋರಿ, ಕಚೇರಿಯ ಒಪ್ಪಿಗೆಯೂ ದೊರೆತರೆ, ಫೋರ್ಕು, ಟೀ, ಗಾಲಿ, ಬ್ರೇಕು ಇವುಗಳನ್ನು ಒಂದೇ ಗಾಡಿಯಿಂದ ಪೂರ್ಣ ಜೋಡಿಯಾಗಿ ತರಬೇಕು. ಹಳೆಯ ಉದ್ದ, ಕೋನ, ಅಂತರಗಳನ್ನು ಮೊದಲೇ ಬರೆದಿಟ್ಟುಕೊಂಡು ಹೊಸದನ್ನು ಅದಕ್ಕೆ ಹೊಂದಿಸಬೇಕು. ಬಿಚ್ಚಿದ ಭಾಗಗಳನ್ನು ಮಾರದೆ ಕಟ್ಟಿಡಬೇಕು. ಮಗನು ಈ ಅಳತೆಗಳ ಚೀಟಿಯನ್ನು ತಂದು ತೋರಿಸಿದರೆ ತಂದೆಯವರು ಹಣದ ಮಾತನ್ನಾಡಬಹುದು. ಚೀಟಿಯಿಲ್ಲದೆ ಬರಿಯ ಚಿತ್ರವನ್ನು ತೋರಿಸಿದರೆ, ಫೋರ್ಕಿನ ಎಣ್ಣೆಗೆ ಮಾತ್ರ ಹಣ ಕೊಟ್ಟು ಕಳುಹಿಸುವುದು ಲೇಸು.